ಸಾಲದ ಲೆಕ್ಕದಿಂದ ಶುರು ಮಾಡಿ: ನಾಲ್ಕನೇ ಕ್ರುಸೇಡಿನ ಕಥೆ ಬರೆಯುವುದು ಹೇಗೆ?

ಕ್ರುಸೇಡ್ (ಕ್ರೈಸ್ತರ ಧರ್ಮಯುದ್ಧ) ಅಂದ ತಕ್ಷಣ ಕತ್ತಿ, ಕುದುರೆ, ಬಟ್ಟೆ ಮೇಲೆ ಹೊಲಿದ ಶಿಲುಬೆ ನೆನಪಾಗುತ್ತವೆ. ಬರೆಯಲು ಕೂತವರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಹತ್ತು ಪುಟ ಕತ್ತಿ ಝಳಪಿಸಿದ ಮೇಲೆ ಓದುಗ ಪುಸ್ತಕ ಮಡಚಿಡುತ್ತಾನೆ. ಈ ಜನ ಇಲ್ಲಿಗೆ ಯಾಕೆ ಬಂದರು ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ.

ನಾಲ್ಕನೇ ಕ್ರುಸೇಡನ್ನೇ ತೆಗೆದುಕೊಳ್ಳೋಣ. ಜೆರುಸಲೇಮ್ ಗೆಲ್ಲಬೇಕು ಅಂತ 1202ರಲ್ಲಿ ಹೊರಟ ಸೇನೆ, 1204ರಲ್ಲಿ ಸೂರೆ ಮಾಡಿದ್ದು ಕಾನ್‌ಸ್ಟಾಂಟಿನೋಪಲ್ಲನ್ನು. ಅದು (ಇವತ್ತಿನ ಇಸ್ತಾಂಬುಲ್) ಆಗ ಕ್ರೈಸ್ತರದ್ದೇ ದೊಡ್ಡ ಪಟ್ಟಣ! ಇದು ಹೇಗಾಯಿತು ಅನ್ನುವುದೇ ನಿಮ್ಮ ಪುಸ್ತಕ.

ಮೊದಲು ಕರಾರು ಓದಿ

1201ರಲ್ಲಿ ಫ್ರಾನ್ಸಿನ ದೊರೆಗಳು ಆರು ಜನ ದೂತರನ್ನು ವೆನಿಸ್‌ಗೆ ಕಳಿಸಿದರು. ಹಡಗು ಬೇಕಿತ್ತು. 4,500 ನೈಟ್‌ಗಳು, 9,000 ಸಹಾಯಕರು, 20,000 ಕಾಲಾಳುಗಳು, 4,500 ಕುದುರೆಗಳು ಅಂತ ಅಂದಾಜು ಹಾಕಿದರು. ತಲೆಗೆ 2 ಮಾರ್ಕ್ ಬೆಳ್ಳಿ (ಮಾರ್ಕ್ ಅಂದರೆ ಆಗ ಬೆಳ್ಳಿ ತೂಗುತ್ತಿದ್ದ ಒಂದು ಅಳತೆ), ಕುದುರೆಗೆ 4. ಕಾಗದ ತೆಗೆದುಕೊಂಡು ನೀವೇ ಕೂಡಿಸಿ ನೋಡಿ: ಜನರದ್ದು 67,000, ಕುದುರೆಗಳದ್ದು 18,000, ಒಟ್ಟು 85,000 ಮಾರ್ಕ್. ಈ ಲೆಕ್ಕವನ್ನು ಓದುಗನ ಕಣ್ಣೆದುರಿಗೇ ಮಾಡಿ ತೋರಿಸಿ. ಮುಂದೆ ಆಗುವ ಅನಾಹುತದ ಬೇರು ಇಲ್ಲೇ ಇದೆ.

1202ರ ಬೇಸಿಗೆಯಲ್ಲಿ ವೆನಿಸ್ ತಲುಪಿದವರು ಆ ಅಂದಾಜಿನ ಮೂರನೇ ಒಂದರಷ್ಟು ಮಾತ್ರ. ಸಾವಿರ ಎಲೆಗೆ ಅಡುಗೆ ಹೇಳಿ ಮುನ್ನೂರೈವತ್ತು ಜನ ಬಂದ ಮದುವೆ ಮನೆಯ ಹಾಗೆ. ಅಡುಗೆ ಭಟ್ಟರು ಬಿಡುತ್ತಾರಾ? ವೆನಿಸ್‌ನವರು ವ್ಯಾಪಾರ ಬದಿಗಿಟ್ಟು ಹಡಗು ಕಟ್ಟಿದ್ದರು. ಬಂದವರು ತಮ್ಮ ಬೆಳ್ಳಿ ಪಾತ್ರೆಗಳನ್ನೂ ಕೊಟ್ಟರು. ಆದರೂ 34,000 ಮಾರ್ಕ್ ಬಾಕಿ ಉಳಿಯಿತು. ಸೇನೆ ವೆನಿಸ್ ಪಕ್ಕದ ಲೀಡೋ ದ್ವೀಪದಲ್ಲಿ ಸಿಕ್ಕಿಬಿತ್ತು.

ಈ ಬಾಕಿಯೇ ನಿಮ್ಮ ಕಥೆಯ ದಾರ. ಪ್ರತಿ ಅಧ್ಯಾಯ ಬರೆದಾದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಯಾರು ಯಾರಿಗೆ ಎಷ್ಟು ಕೊಡಬೇಕು? ಉತ್ತರ ಬದಲಾಗದಿದ್ದರೆ ಆ ಅಧ್ಯಾಯ ಬಹುಶಃ ಬೇಕಾಗಿಲ್ಲ.

ಸಾಕ್ಷಿಗಳನ್ನು ಆರಿಸಿಕೊಳ್ಳಿ

ನಿಮ್ಮ ಅದೃಷ್ಟಕ್ಕೆ, ಕಣ್ಣಾರೆ ಕಂಡ ಮೂರು ಜನ ಬರೆದಿಟ್ಟಿದ್ದಾರೆ. ಜೆಫ್ರಿ ವಿಲಾರ್ದುವಾ ಮುಖಂಡರ ಪೈಕಿಯವನು. ಕರಾರು ಮಾಡಿದ ಆರು ದೂತರಲ್ಲಿ ಅವನೂ ಒಬ್ಬ. ಹಾಗಾಗಿ ಅವನ ಬರಹದಲ್ಲಿ ತಪ್ಪೆಲ್ಲ ಬೇರೆ ಬಂದರುಗಳಿಂದ ಹೊರಟವರದ್ದು, ಜನರನ್ನು ಎಣಿಸಿದವರದ್ದಲ್ಲ! ಅವನನ್ನು ನಂಬಿ, ಆದರೆ ಒಂದು ಕಣ್ಣಿಟ್ಟಿರಿ.

ರಾಬರ್ಟ್ ಕ್ಲಾರಿ ಬಡ ನೈಟ್. ಒಳಮಾತುಕತೆಗಳು ಅವನಿಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಹಡಗಿನ ಬಣ್ಣ, ಕಹಳೆ ಸದ್ದು, ಲೂಟಿಯಲ್ಲಿ ತನ್ನಂಥವರಿಗೆ ಆದ ಮೋಸ ಚೆನ್ನಾಗಿ ಗೊತ್ತು. ಮೂರನೆಯವನು ನಿಕೆಟಾಸ್ ಕೊನಿಯಾಟೆಸ್, ಕಾನ್‌ಸ್ಟಾಂಟಿನೋಪಲ್ಲಿನ ದೊಡ್ಡ ಅಧಿಕಾರಿ, ಮನೆ ಕಳೆದುಕೊಂಡವನು. ಮೂವರನ್ನೂ ಒಂದೇ ದನಿಯಲ್ಲಿ ಬೆರೆಸಬೇಡಿ. ಯಾರು ಹೇಳುತ್ತಿದ್ದಾರೆ ಅನ್ನುವುದು ಆಯಾ ಜಾಗದಲ್ಲೇ ಗೊತ್ತಾಗಲಿ.

ಖಳನಾಯಕ ಬೇಡ

ವೆನಿಸ್‌ನ ದೊರೆ ಎನ್ರಿಕೋ ದಾಂದೊಲೋ ಮುದುಕ, ಕಣ್ಣು ಕಾಣದವನು. ಕಾನ್‌ಸ್ಟಾಂಟಿನೋಪಲ್ಲಿನ ಗ್ರೀಕರು ಕಣ್ಣು ಕೀಳಿಸಿದ್ದರು, ಅದಕ್ಕೇ ಹಗೆ ತೀರಿಸಿಕೊಂಡ ಅಂತ ಒಂದು ಕಥೆಯಿದೆ. ಬಳಸಲು ಕೈ ತುರಿಸುತ್ತದೆ, ಅಲ್ವಾ? ಬಿಟ್ಟುಬಿಡಿ. ಅವನು ರಾಯಭಾರಿಯಾಗಿ ಆ ಊರಿಗೆ ಹೋಗಿದ್ದು 1172ರಲ್ಲಿ. ಅದಾದ ಮೇಲೂ, 1174ರಲ್ಲಿ, ಕಣ್ಣು ಕಾಣುವವನ ಹಾಗೆ ಸಹಿ ಹಾಕಿದ್ದಾನೆ.

ಸಾಲ ವಸೂಲಿ ಆಗದಿದ್ದರೆ ತನ್ನ ಊರೇ ಮುಳುಗುತ್ತದೆ ಅನ್ನುವ ಮುದುಕ, ಖಳನಾಯಕನಿಗಿಂತ ಎಷ್ಟೋ ಜಾಸ್ತಿ ಕುತೂಹಲ ಹುಟ್ಟಿಸುತ್ತಾನೆ. ಜಾರಾ ಪಟ್ಟಣವನ್ನು ಗೆದ್ದುಕೊಡಿ, ಬಾಕಿಗೆ ವಾಯಿದೆ ಕೊಡುತ್ತೇನೆ ಅಂದ. ಜಾರಾ ಕ್ರೈಸ್ತರ ಊರು. ಅದನ್ನು ಆಳುತ್ತಿದ್ದ ಹಂಗೇರಿಯ ರಾಜ ತಾನೂ ಕ್ರುಸೇಡಿಗೆ ಹೊರಡುತ್ತೇನೆ ಅಂತ ಶಿಲುಬೆ ತೊಟ್ಟವನೇ. ಬೇಡ ಅಂತ ಪೋಪ್ ಮೂರನೇ ಇನೊಸೆಂಟ್ ಬರೆದರು. 1202ರ ನವೆಂಬರಿನಲ್ಲಿ ಊರು ಬಿತ್ತು.

ಮುಂದಿನ ತಿರುವನ್ನು ಮೊದಲೇ ಬಿಟ್ಟುಕೊಡಬೇಡಿ. ಕಾನ್‌ಸ್ಟಾಂಟಿನೋಪಲ್ಲಿನ ಪದಚ್ಯುತ ಚಕ್ರವರ್ತಿಯ ಮಗ ಅಲೆಕ್ಸಿಯಸ್‌ನಿಂದ ಮಾತು ಬರುತ್ತದೆ: ನನ್ನನ್ನು ಸಿಂಹಾಸನದಲ್ಲಿ ಕೂರಿಸಿ, 2,00,000 ಮಾರ್ಕ್ ಕೊಡುತ್ತೇನೆ. ಆ ಕ್ಷಣಕ್ಕೆ ಅದು ಅವರಿಗೆ ದೇವರೇ ಕೊಟ್ಟ ದಾರಿಯ ಹಾಗೆ ಕಂಡಿರಬೇಕು. ಓದುಗನಿಗೂ ಹಾಗೇ ಕಾಣಲಿ. 1203ರಲ್ಲಿ ಪಟ್ಟಕ್ಕೇರಿದ ಹುಡುಗ ಚರ್ಚಿನ ಬೆಳ್ಳಿ ಕರಗಿಸಿದರೂ ಹಣ ಸಾಲಲಿಲ್ಲ. ಹಳೇ ಸಾಲದ ಮೇಲೆ ಹೊಸ ಸಾಲ. ಕೊನೆಗೆ ಅವನ ಆಸ್ಥಾನದವನೇ ಅವನನ್ನು ಕೆಳಗಿಳಿಸಿ ಕತ್ತು ಹಿಸುಕಿಸಿದ.

ಇಲ್ಲೊಂದು ತಲೆನೋವಿದೆ. ಆ ಹುಡುಗ ಅಲೆಕ್ಸಿಯಸ್, ಅವನು ಓಡಿಸಿದವನು ಅಲೆಕ್ಸಿಯಸ್, ಅವನನ್ನು ಕೊಲ್ಲಿಸಿದವನೂ ಅಲೆಕ್ಸಿಯಸ್. ಮೂರನೇ, ನಾಲ್ಕನೇ, ಐದನೇ ಅಂತ ಬರೆದರೆ ಯಾರಿಗೂ ನೆನಪಿರುವುದಿಲ್ಲ. ದೊಡ್ಡಪ್ಪ ಅಲೆಕ್ಸಿಯಸ್, ಹುಡುಗ ಅಲೆಕ್ಸಿಯಸ್ ಅನ್ನಿ. ಕೊನೆಯವನ ಹುಬ್ಬುಗಳು ಕೂಡಿಕೊಂಡಿದ್ದವು, ಜನ ಅವನನ್ನು ಹಾಗೇ ಅಡ್ಡಹೆಸರಿಟ್ಟು ಕರೆಯುತ್ತಿದ್ದರು. ಕೂಡುಹುಬ್ಬಿನವ ಅಂದರೆ ಮುಗಿಯಿತು.

ಯುದ್ಧ ಬರೆಯುವಾಗ ಒಬ್ಬನ ಹಿಂದೆ ಹೋಗಿ

ಹಣ ಕೊಡಬೇಕಾದ ಹುಡುಗನೇ ಸತ್ತ ಮೇಲೆ ಸೇನೆ ಊರಿನ ಮೇಲೇ ಬಿತ್ತು. 1204ರ ಏಪ್ರಿಲ್ 12ರಂದು ಗಾಳಿ ಹಡಗುಗಳನ್ನು ಕೋಟೆಯ ಕಡೆಗೆ ತಳ್ಳಿತು. ಇಡೀ ಕೋಟೆಯನ್ನು ವರ್ಣಿಸಲು ಹೋಗಬೇಡಿ. ಒಂದು ತೂತು ಸಾಕು. ಗೋಡೆ ಕಟ್ಟಿ ಮುಚ್ಚಿದ್ದ ಒಂದು ಸಣ್ಣ ಬಾಗಿಲನ್ನು ಕೊಡಲಿ, ಗುದ್ದಲಿಯಿಂದ ಒಡೆದರು. ಒಳಗೆ ಇಣುಕಿದರೆ ಜನವೋ ಜನ. ನುಗ್ಗಲು ಯಾರಿಗೂ ಧೈರ್ಯವಿಲ್ಲ. ಆಗ ಪಾದ್ರಿ ಅಲೋಮ್ ಮುಂದೆ ಬಂದ. ಅವನು ರಾಬರ್ಟ್ ಕ್ಲಾರಿಯ ಸ್ವಂತ ಅಣ್ಣತಮ್ಮಂದಿರಲ್ಲಿ ಒಬ್ಬ. ಬೇಡ ಅಂದ ರಾಬರ್ಟ್. ಅವನು ಕೇಳದೆ ತೆವಳಿಕೊಂಡು ತೂತಿನೊಳಗೆ ಹೊರಟ. ರಾಬರ್ಟ್ ಅವನ ಕಾಲು ಹಿಡಿದು ಹಿಂದಕ್ಕೆ ಎಳೆದ. ಪಾದ್ರಿ ಕೊಸರಿಕೊಂಡು ಒಳಗೆ ಹೋಗಿಯೇಬಿಟ್ಟ, ಕತ್ತಿ ಬೀಸಿದ, ಎದುರಿಗಿದ್ದವರು ಓಡಿದರು. ಇದನ್ನು ಬರೆದಿಟ್ಟವನು ಆ ಕಾಲು ಹಿಡಿದವನೇ. ಮನೆಯವನ ಸಾಹಸವನ್ನು ಸ್ವಲ್ಪ ಹಿಗ್ಗಿಸಿರಬಹುದು. ಅದನ್ನೂ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿ.

ಸೂರೆಯ ಮೂರು ದಿನಗಳಿಗೆ ನಿಕೆಟಾಸ್‌ನ ಮನೆಯೊಳಗೆ ಹೋಗಿ. ಅವನ ಪರಿಚಯದ ವೆನಿಸ್‌ನ ವ್ಯಾಪಾರಿಯೊಬ್ಬ ಸೈನಿಕನ ವೇಷ ತೊಟ್ಟು ಬಾಗಿಲಲ್ಲಿ ನಿಂತು, ಈ ಮನೆ ನನ್ನ ಪಾಲಿಗೆ ಬಂದಿದೆ ಅಂತ ಸುಳ್ಳು ಹೇಳಿ ಲೂಟಿಕೋರರನ್ನು ತಡೆದ. ಕೆಲವು ದಿನಗಳಾದ ಮೇಲೆ ಕುಟುಂಬ ನಡೆದುಕೊಂಡೇ ಊರು ಬಿಟ್ಟಿತು. ಸೈನಿಕರ ಕಣ್ಣಿಗೆ ಬೀಳಬಾರದು ಅಂತ ಹೆಣ್ಣುಮಕ್ಕಳ ಮುಖಕ್ಕೆ ಮಣ್ಣು ಮೆತ್ತಿದ್ದರು. ಇಷ್ಟು ಬರೆದ ಮೇಲೆ ಘೋರ, ಭೀಕರ ಅನ್ನುವ ಮಾತುಗಳು ಬೇಕಾಗುವುದಿಲ್ಲ. ಲೂಟಿಯ ಹಂಚಿಕೆಯನ್ನು ಮಾತ್ರ ಮರೆಯಬೇಡಿ: ನೈಟ್‌ಗೆ 20 ಮಾರ್ಕ್, ಕುದುರೆ ಸವಾರನಿಗೆ 10, ಕಾಲಾಳಿಗೆ 5. ವೆನಿಸ್‌ನ ಬಾಕಿ ಚುಕ್ತಾ ಆಯಿತು.

ಎಲ್ಲಿ ನಿಲ್ಲಿಸಬೇಕು?

ಕ್ರುಸೇಡಿನ ಮುಖಂಡರಲ್ಲೊಬ್ಬನಾದ ಬಾಲ್ಡ್‌ವಿನ್ ಕಾನ್‌ಸ್ಟಾಂಟಿನೋಪಲ್ಲಿಗೆ ಚಕ್ರವರ್ತಿಯಾದಲ್ಲಿಗೆ ಮುಗಿಸುವವರಿದ್ದಾರೆ. ನನ್ನ ಮಟ್ಟಿಗೆ ಇನ್ನೊಂದು ವರ್ಷ ಬೇಕು. 1205ರ ಏಪ್ರಿಲಿನಲ್ಲಿ ಏಡ್ರಿಯಾನೋಪಲ್ ಹತ್ತಿರ ಬಲ್ಗೇರಿಯದವರು ಬಾಲ್ಡ್‌ವಿನ್‌ನನ್ನು ಸೆರೆಹಿಡಿದರು. ಉಳಿದ ಸೇನೆಯನ್ನು ರಾತ್ರೋರಾತ್ರಿ ಹಿಂದಕ್ಕೆ ಕರೆತಂದವರು ವಿಲಾರ್ದುವಾ ಮತ್ತು ದಾಂದೊಲೋ. ಕೆಲವೇ ವಾರಗಳಲ್ಲಿ ದಾಂದೊಲೋ ತೀರಿಕೊಂಡ, ಕಾನ್‌ಸ್ಟಾಂಟಿನೋಪಲ್ಲಿನ ದೊಡ್ಡ ಚರ್ಚು ಹಾಗಿಯಾ ಸೋಫಿಯಾದಲ್ಲೇ ಹೂಳಿದರು. ಅಲ್ಲಿಗೆ ಪೆನ್ನು ಕೆಳಗಿಡಿ. 1261ರಲ್ಲಿ ಗ್ರೀಕರು ಊರನ್ನು ವಾಪಸ್ ಪಡೆದದ್ದಕ್ಕೆ ಒಂದು ಪ್ಯಾರಾ ಸಾಕು, ಜೊತೆಗೆ ಒಂದು ಒಳ್ಳೆಯ ನಕ್ಷೆ.