ಯಂತ್ರಕ್ಕಿಂತ ಮೊದಲಿನ ಕೆಲಸ: ಕ್ಯಾನ್ಸರ್ ಜೀನ್ ಪರೀಕ್ಷೆಯಲ್ಲಿ ನನ್ನ ಅನುಭವ

ನಾನು ಕ್ಯಾನ್ಸರ್ ಸಂಶೋಧನೆಗೆ ಬಂದದ್ದು ಕ್ರೋಮೋಸೋಮುಗಳ ದಾರಿಯಿಂದ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ರಕ್ತ ಕ್ಯಾನ್ಸರ್ ರೋಗಿಗಳ ಮೂಳೆಮಜ್ಜೆಯ ಕೋಶಗಳನ್ನು ಬೆಳೆಸಿ, 9 ಮತ್ತು 22ನೆಯ ಕ್ರೋಮೋಸೋಮುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ನನ್ನ ಮೊದಲ ಕೆಲಸ. ಈ ಅದಲುಬದಲನ್ನು ಅಮೆರಿಕದ ತಳಿವಿಜ್ಞಾನಿ ಜಾನೆಟ್ ರೌಲಿ 1973ರಲ್ಲೇ ತೋರಿಸಿದ್ದರು. ಅದಕ್ಕೆ ಗುರಿಯಿಟ್ಟ ಇಮಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ಪ್ರಾಣವನ್ನೇ ತೆಗೆಯುತ್ತಿದ್ದ ಕಾಯಿಲೆಯವರು ದಿನವೂ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವುದನ್ನು ಕಂಡಾಗ ನನ್ನ ದಿಕ್ಕು ನಿಶ್ಚಯವಾಯಿತು. ಹೊಸ ಜೀನ್ ಹುಡುಕುವವರು ಬಹಳ ಮಂದಿ ಇದ್ದರು. ಗೊತ್ತಿರುವ ಬದಲಾವಣೆಯನ್ನು ನಮ್ಮ ರೋಗಿಯಲ್ಲಿ ನಂಬಿಕೆಗೆ ಅರ್ಹವಾಗಿ ಪತ್ತೆಹಚ್ಚುವುದನ್ನೇ ನಾನು ಆರಿಸಿಕೊಂಡೆ.

2004ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಜೀನಿನ ಬದಲಾವಣೆಗಳು ಬೆಳಕಿಗೆ ಬಂದವು. ಅವು ಇರುವವರಿಗೆ ಜೆಫಿಟಿನಿಬ್‌ನಂತಹ ಮಾತ್ರೆ ಚೆನ್ನಾಗಿ ಹಿಡಿಸುತ್ತದೆ. ಧೂಮಪಾನ ಮಾಡದವರಲ್ಲಿ, ಏಷ್ಯಾದವರಲ್ಲಿ ಇವು ಹೆಚ್ಚು. ಹಾಗಾಗಿ ನಮಗೆ ಈ ಪರೀಕ್ಷೆ ಬೇಕೇ ಬೇಕಿತ್ತು. ಆದರೆ ಪ್ರಯೋಗಾಲಯಕ್ಕೆ ಬರುತ್ತಿದ್ದುದು ಮೇಣದ ಬ್ಲಾಕಿನಲ್ಲಿ ಹುದುಗಿದ ಅಕ್ಕಿಕಾಳಿನಷ್ಟು ಅಂಗಾಂಶ. ಪರೀಕ್ಷೆಯ ಹಣೆಬರಹ ನಿರ್ಧಾರವಾಗುವುದು ಅಲ್ಲಿಯೇ, ಡಿಎನ್‌ಎಯ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರ ಆಮೇಲಿನ ಮಾತು.

ಮೇಣದಲ್ಲಿ ಹುದುಗಿಸುವ ಮೊದಲು ಅಂಗಾಂಶವನ್ನು ಮುಳುಗಿಸಿಡುವ ಫಾರ್ಮಲಿನ್ ದ್ರಾವಣ ಅದನ್ನು ಕೊಳೆಯದಂತೆ ಕಾಪಾಡುತ್ತದೆ, ಜೊತೆಗೆ ಡಿಎನ್‌ಎಯನ್ನು ಕೆಡಿಸುತ್ತದೆ. ಆಮ್ಲೀಯತೆ ಏರದಂತೆ ತಡೆಯುವ ಬಫರ್ ಇಲ್ಲದ, ಆಮ್ಲೀಯವಾದ ಫಾರ್ಮಲಿನ್‌ನಲ್ಲಿ ದಿನಗಟ್ಟಲೆ ಬಿಟ್ಟರೆ ಡಿಎನ್‌ಎ ಚೂರುಚೂರಾಗುತ್ತದೆ. ಅದಕ್ಕೂ ಅಪಾಯದ ಸಂಗತಿಯೆಂದರೆ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್ ತನ್ನ ಅಮೈನ್ ಗುಂಪನ್ನು ಕಳೆದುಕೊಂಡು ಯುರಾಸಿಲ್ ಆಗುವುದು. ಯಂತ್ರ ಅದನ್ನು ಇನ್ನೊಂದು ಅಕ್ಷರವಾದ ಥೈಮಿನ್ ಎಂದೇ ಓದುತ್ತದೆ. ರೋಗಿಯಲ್ಲಿ ಇಲ್ಲದ ಬದಲಾವಣೆ ವರದಿಗೆ ನುಸುಳುವುದು ಹೀಗೆ. ಯುರಾಸಿಲ್ಲನ್ನು ಕತ್ತರಿಸುವ ಕಿಣ್ವವೊಂದಿದೆ, ನಾವು ಮೊದಲು ಅದನ್ನು ಬಳಸುತ್ತೇವೆ. ಆದರೆ ಮೀಥೈಲ್ ಗುಂಪು ಅಂಟಿದ ಸೈಟೋಸಿನ್ ನೇರವಾಗಿ ಥೈಮಿನ್ ಆಗಿಬಿಡುವುದರಿಂದ ಅಲ್ಲಿ ಆ ಕಿಣ್ವದ ಆಟ ನಡೆಯುವುದಿಲ್ಲ. ಜೆಫಿಟಿನಿಬ್ ಕೆಲಸ ನಿಲ್ಲಿಸಿದ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕಾಣುವ, ಇಜಿಎಫ್‌ಆರ್ ಜೀನಿನದೇ ಆದ ಟಿ790ಎಂ ಬದಲಾವಣೆಯೂ ಇದೇ ಬಗೆಯದು: ಸೈಟೋಸಿನ್ ಇದ್ದಲ್ಲಿ ಥೈಮಿನ್. ಒಸಿಮರ್ಟಿನಿಬ್ ಎಂಬ ದುಬಾರಿ ಔಷಧಿಯ ನಿರ್ಧಾರ ಈ ಒಂದು ಅಕ್ಷರದ ಮೇಲೆ ನಿಂತಿರಬಹುದು. ಆದ್ದರಿಂದ ಇದು ಕಡಿಮೆ ಪ್ರಮಾಣದಲ್ಲಿ ಕಂಡಾಗಲೆಲ್ಲ ಅದೇ ಬ್ಲಾಕಿನಿಂದ ಹೊಸದಾಗಿ ಡಿಎನ್‌ಎ ತೆಗೆದು ಮರುಪರೀಕ್ಷೆ ಮಾಡಿಸುತ್ತೇನೆ. ಎರಡೂ ಸಲ ಕಂಡರೆ ಮಾತ್ರ ಸಹಿ.

ಸಾಧ್ಯವಾದಾಗ ರಕ್ತವನ್ನೂ ತರಿಸಿಕೊಳ್ಳುತ್ತೇವೆ. ಗಡ್ಡೆಯಿಂದ ಉದುರಿದ ಡಿಎನ್‌ಎ ತುಣುಕುಗಳು ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಸಿಗುತ್ತವೆ. ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ರಾಸಾಯನಿಕವಿರುವ ಸಾಮಾನ್ಯ ಟ್ಯೂಬಿನಲ್ಲಿ ತೆಗೆದ ರಕ್ತದಿಂದ ಕೆಲವೇ ಗಂಟೆಗಳೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎಯಲ್ಲಿ ಗಡ್ಡೆಯದು ಮುಳುಗಿಹೋಗುತ್ತದೆ.

ಜಿಲ್ಲೆಗಳ ಪ್ಯಾಥಾಲಜಿ ಪ್ರಯೋಗಾಲಯಗಳಿಗೆ ಹೋಗಿ ತಂತ್ರಜ್ಞರ ಜೊತೆ ಕುಳಿತದ್ದು ನನ್ನ ವೃತ್ತಿಯ ಅತ್ಯಂತ ಫಲ ಕೊಟ್ಟ ಕಾಲ. 10 ಶೇಕಡಾ ಬಫರ್ ಫಾರ್ಮಲಿನ್ ಬಳಸಿ, 6ರಿಂದ 72 ಗಂಟೆಯೊಳಗೆ ಮುಂದಿನ ಹಂತಕ್ಕೆ ಒಯ್ಯಿರಿ, ಮೂಳೆಯ ಬಯಾಪ್ಸಿಯನ್ನು ಕಟು ಆಮ್ಲದಲ್ಲಿ ಮೆದುಮಾಡದೆ ಇಡಿಟಿಎ ಬಳಸಿ, ಬ್ಲಾಕನ್ನು ಕತ್ತರಿಸುವಾಗಲೇ ಜೀನ್ ಪರೀಕ್ಷೆಗೆಂದು ಕೆಲವು ಪದರ ಹೆಚ್ಚಾಗಿ ತೆಗೆದಿಡಿ: ಹೇಳಿದ್ದು ಇಷ್ಟೇ. ಇದನ್ನು ಪಾಲಿಸಿದ ಕಡೆಗಳಿಂದ ಬಂದ ಬ್ಲಾಕುಗಳಲ್ಲಿ ಕೈಬಿಡಬೇಕಾದವು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು. ಆ ತಂತ್ರಜ್ಞರ ಹೆಸರು ಯಾವ ಸಂಶೋಧನಾ ಪ್ರಬಂಧದಲ್ಲೂ ಬರುವುದಿಲ್ಲ. ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಂಶಪಾರಂಪರ್ಯವಾಗಿ ಬರುವ ಸ್ತನ ಕ್ಯಾನ್ಸರಿನ ಪರೀಕ್ಷೆಯಲ್ಲಿ ಕಷ್ಟ ಬೇರೆ ಬಗೆಯದು. ಕೆಟ್ಟರೆ ಸ್ತನ, ಅಂಡಾಶಯಗಳ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1 ಜೀನನ್ನು ಪ್ರತ್ಯೇಕಿಸಿದ್ದು 1994ರಲ್ಲಿ. ಅಂದಿನಿಂದ ಕೂಡಿಟ್ಟ ಮಾಹಿತಿಯ ಬಹುಪಾಲು ಯುರೋಪ್ ಮೂಲದವರದು. ನಮ್ಮ ಹೆಣ್ಣುಮಕ್ಕಳಲ್ಲಿ ಅಪರೂಪದ ಬದಲಾವಣೆ ಕಂಡಾಗ ಅದು ರೋಗಕಾರಕವೋ, ನಿರುಪದ್ರವಿಯೋ ಎಂದು ಹೇಳಲು ಹೋಲಿಸುವುದಕ್ಕೆ ಸಾಕಷ್ಟು ಮಾಹಿತಿಯಿಲ್ಲ. ಇಂತಹ ಅನಿಶ್ಚಿತ ಫಲಿತಾಂಶವೊಂದನ್ನೇ ನೆಚ್ಚಿಕೊಂಡು ಆರೋಗ್ಯವಾಗಿರುವ ಸ್ತನವನ್ನೋ ಅಂಡಾಶಯವನ್ನೋ ತೆಗೆಸಬಾರದು. ಈ ಮಾತನ್ನು ವರದಿಯ ಮೊದಲ ಪುಟದಲ್ಲೇ ಕನ್ನಡದಲ್ಲಿ ಬರೆಸುತ್ತೇನೆ. ವರದಿ ಮನೆಗೆ ಹೋದ ಮೇಲೆ ಅದನ್ನು ಓದುವವರು ಆಕೆಯ ಅಕ್ಕತಂಗಿಯರು, ಮಗಳು.

ಭಾರತದ 10,000 ಜನರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದು ನಮ್ಮ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ. ಅದರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಾಗ ನನಗಾದ ಸಂತೋಷ ಸಣ್ಣದಲ್ಲ. ನಾವು ಅನಿಶ್ಚಿತ ಎಂದು ಬರೆದ ಬದಲಾವಣೆ ನಮ್ಮದೇ ಜನರಲ್ಲಿ ಸಾಕಷ್ಟು ಸಾಮಾನ್ಯವಾಗಿದ್ದರೆ, ಅದು ರೋಗಕಾರಕವಾಗಿರುವ ಸಾಧ್ಯತೆ ತೀರ ಕಡಿಮೆ. ಹಳೆಯ ವರದಿಗಳನ್ನು ಕಾಲಕಾಲಕ್ಕೆ ತೆಗೆದು ಹೊಸ ಮಾಹಿತಿಯೊಂದಿಗೆ ಹೋಲಿಸುವುದನ್ನು ನಾವು ನಿಯಮ ಮಾಡಿಕೊಂಡಿದ್ದೇವೆ. ತೀರ್ಮಾನ ಬದಲಾದರೆ ವೈದ್ಯರಿಗೆ ತಿದ್ದಿದ ವರದಿ ಕಳುಹಿಸುತ್ತೇವೆ, ಅವರ ಮೂಲಕ ಆ ಕುಟುಂಬವನ್ನು ಮತ್ತೆ ಆಪ್ತ ಸಲಹೆಗೆ ಕರೆಸುತ್ತೇವೆ. ನನ್ನ ಬಳಿ ಕೆಲಸಕ್ಕೆ ಸೇರುವ ವಿದ್ಯಾರ್ಥಿಗಳಿಗೆ ನಾನು ಮೊದಲು ವಹಿಸುವುದು ಈ ಮರುಪರಿಶೀಲನೆಯನ್ನೇ.