ಸ್ಕಾಲರ್‌ಶಿಪ್ ಬರುವ ಮೊದಲೇ ಸಿಪಾಯಿಯಾಗಿ ಸೇರಬೇಕಿತ್ತೇ?

ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷ, ಕಾಲೇಜು ಓದುತ್ತಲೇ ಸೈನ್ಯದ ಅಧಿಕಾರಿಯಾಗಲು ತರಬೇತಿ ಕೊಡುವ ಆರ್ಮಿ ಆರ್‌ಒಟಿಸಿ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದ್ದೆ. ಸಿಕ್ಕರೆ ಕಾಲೇಜಿನ ಫೀಸು ಸೈನ್ಯದ್ದು, ಡಿಗ್ರಿ ಮುಗಿದ ಮೇಲೆ ಸೆಕೆಂಡ್ ಲೆಫ್ಟಿನೆಂಟ್ ಆಗಿ ದುಡಿಯುವುದು ನಮ್ಮದು. ಅಷ್ಟರಲ್ಲೇ ನ್ಯಾಷನಲ್ ಗಾರ್ಡಿನ (ರಾಜ್ಯಗಳ ಅರೆಕಾಲಿಕ ಸೇನೆ) ರಿಕ್ರೂಟರ್, ಅಂದರೆ ಜನರನ್ನು ಸೇರಿಸಿಕೊಳ್ಳುವವನು, ಸಿಕ್ಕ. "ಅದು ಬಂದರೆ ಬರಲಿ, ಅಲ್ಲಿಯವರೆಗೆ ಸಿಪಾಯಿಯಾಗಿ ಸೇರಿಬಿಡು, ಕಳೆದುಕೊಳ್ಳೋದೇನಿದೆ?" ಅಂದ.

ಒಳ್ಳೆಯ ಮನುಷ್ಯನೇ. ಆದರೆ ಇಂತಿಷ್ಟು ಜನರನ್ನು ಸೇರಿಸಬೇಕೆಂಬ ಗುರಿ ಅವನ ತಲೆಯ ಮೇಲಿರುತ್ತದೆ, ಆರ್‌ಒಟಿಸಿ ಅವನ ಕೆಲಸವೂ ಅಲ್ಲ. ಹಾಗಾಗಿ ಅದೇ ಪ್ರಶ್ನೆಯನ್ನು ನಾನು ಸೇರಬೇಕೆಂದಿದ್ದ ಯೂನಿವರ್ಸಿಟಿಯ ಆರ್‌ಒಟಿಸಿ ಕಚೇರಿಗೆ ಒಯ್ದೆ. ಈ ದಾರಿಯಲ್ಲಿರುವವರು ಮೊದಲು ಮಾಡಬೇಕಾದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ಅಲ್ಲಿನ ಅಧಿಕಾರಿ ಹೇಳಿದ್ದು ಇಷ್ಟೇ: ಫಲಿತಾಂಶ ಬರುವ ತನಕ ಎಲ್ಲಿಯೂ ಸಹಿ ಹಾಕಬೇಡ.

ಮನೆಯಲ್ಲಿ ಅಪ್ಪ ಎರಡೂ ಕಡೆಯ ಕಾಗದಗಳನ್ನು ಮುಂದಿಟ್ಟುಕೊಂಡು, ಕ್ರಯಪತ್ರ ಓದುವ ಹಾಗೆ ಸಾಲುಸಾಲಿಗೆ ಬೆರಳಿಟ್ಟು ಓದಿದರು. "ಎರಡರಲ್ಲೂ ಒಟ್ಟು ಎಂಟು ವರ್ಷದ ಸೇವೆ ಅಂತಲೇ ಇದೆಯಲ್ಲೋ, ಮತ್ತೆ ವ್ಯತ್ಯಾಸ ಏನು?"

ವ್ಯತ್ಯಾಸ ಇದ್ದದ್ದು ಗಂಟು ಯಾವಾಗ ಬೀಳುತ್ತದೆ ಎನ್ನುವುದರಲ್ಲಿ. ಸಿಪಾಯಿಯಾಗಿ ಸೇರಿ 10 ವಾರದ ಬೇಸಿಕ್ ಟ್ರೇನಿಂಗಿಗೆ ಹೊರಟರೆ ಮುಗಿಯಿತು, ಮನಸ್ಸು ಬದಲಾಯಿತು ಅಂತ ವಾಪಸ್ಸು ಬರುವಂತಿಲ್ಲ. ನಾಲ್ಕು ವರ್ಷದ ಸ್ಕಾಲರ್‌ಶಿಪ್ಪಿನಲ್ಲಾದರೆ ಮೊದಲ ವರ್ಷ ಓದಿ, ಪರೇಡ್ ಮಾಡಿ, ಇದು ನನಗಲ್ಲ ಅನ್ನಿಸಿದರೆ ಯಾವ ಋಣವೂ ಇಲ್ಲದೆ ಹೊರಬರಬಹುದು. ಎರಡನೇ ವರ್ಷ ಶುರುವಾದ ಮೇಲೆ ಬಿಟ್ಟರೆ ದುಡ್ಡು ವಾಪಸ್ಸು ಕಟ್ಟಬೇಕು, ಇಲ್ಲವೇ ಸಿಪಾಯಿಯಾಗಿ ದುಡಿದು ತೀರಿಸಬೇಕು. ಸಿಪಾಯಿಯ ದಾರಿಗೂ ಒಂದು ಗಟ್ಟಿ ಲಾಭವಿದೆ, ಅದನ್ನು ಮುಚ್ಚಿಡುವುದಿಲ್ಲ: ಆಕ್ಟಿವ್ ಡ್ಯೂಟಿಯಲ್ಲಿ (ಪೂರ್ಣಾವಧಿ ಸೇವೆ) 36 ತಿಂಗಳು ದುಡಿದವನಿಗೆ, ಓದಿನ ಖರ್ಚು ಕೊಡುವ ಜಿಐ ಬಿಲ್ಲಿನ ಪೂರ್ತಿ ಸವಲತ್ತು ಸಿಗುತ್ತದೆ. ಸ್ಕಾಲರ್‌ಶಿಪ್ ಪಡೆದ ಅಧಿಕಾರಿಗೆ ಋಣ ತೀರಿಸುವ ವರ್ಷಗಳು ಆ ಲೆಕ್ಕಕ್ಕೆ ಸೇರುವುದಿಲ್ಲ.

ನಡುವೆ ಮೆಡಿಕಲ್ ಗಲಾಟೆ. ಸಿಪಾಯಿಗಳ ತಪಾಸಣೆ ಬೇರೆ ಕಡೆ, ಸ್ಕಾಲರ್‌ಶಿಪ್ಪಿನವರದ್ದು ಬೇರೆ ಕಡೆ. ಹದಿಮೂರು ತುಂಬಿದ ಮೇಲೆ ಆಸ್ತಮಾ ಇತ್ತೆಂದರೆ ಎರಡೂ ಕಡೆ ಅನರ್ಹ. ನನಗೆ ಹದಿನಾಲ್ಕರಲ್ಲಿ, ಪರಾಗದ ಕಾಲದಲ್ಲಿ ಕೆಮ್ಮು ಬಂತೆಂದು ಡಾಕ್ಟರ್ ಇನ್‌ಹೇಲರ್ ಬರೆದಿದ್ದರು. ಉಸಿರಾಟದ ಪರೀಕ್ಷೆ ಮಾಡಿಸಿ, ಹಳೆಯ ದಾಖಲೆಗಳನ್ನೆಲ್ಲ ತರಿಸಿ, ವಿನಾಯಿತಿಗೆ ಕಾದೆ. ಕೊನೆಗೆ ಸಿಕ್ಕಿತು. ಆ ಇನ್‌ಹೇಲರನ್ನು ಎರಡು ಸಲವೂ ಸೇದಿದ ನೆನಪಿಲ್ಲ!

ಮೊದಲ ಸುತ್ತಿನ ಆಯ್ಕೆಯಲ್ಲಿ ನನ್ನ ಹೆಸರಿರಲಿಲ್ಲ. ಆಮೇಲಿನ ಸುತ್ತಿನಲ್ಲಿ ಬಂದದ್ದು ಮೂರು ವರ್ಷದ ಸ್ಕಾಲರ್‌ಶಿಪ್: ಮೊದಲ ವರ್ಷದ ಖರ್ಚು ನನ್ನದೇ. ನಿಜವಾದ ಪೇಚಾಟ ಶುರುವಾದದ್ದು ಆಗ. ರಿಕ್ರೂಟರ್ ಮತ್ತೆ ಫೋನ್ ಮಾಡಿದ. ಗಾರ್ಡಿಗೆ ಸೇರಿದರೆ ರಾಜ್ಯದಿಂದ ಫೀಸಿನ ನೆರವು, ತಿಂಗಳಿಗೊಂದು ವಾರಾಂತ್ಯದ ಡ್ರಿಲ್ಲಿಗೆ ಸಂಬಳ, ಜೊತೆಗೇ ಆರ್‌ಒಟಿಸಿಯಲ್ಲಿ ಕೆಡೆಟ್ ಆಗಿಯೂ ಮುಂದುವರಿಯಬಹುದು. ಇಂಥ ಜೋಡಿ ವ್ಯವಸ್ಥೆ ಇರುವುದು ನಿಜ, ಅದರಲ್ಲಿರುವ ಕೆಡೆಟ್‌ಗಳನ್ನು ಯುದ್ಧಭೂಮಿಗೆ ಕಳಿಸುವುದೂ ಇಲ್ಲ. ಆದರೆ ಆಕ್ಟಿವ್ ಡ್ಯೂಟಿಗೆ ಕರೆದೊಯ್ಯುವ ನನ್ನ ಸ್ಕಾಲರ್‌ಶಿಪ್ಪಿಗೆ ಅದು ಕೂಡಿಬರುವುದಿಲ್ಲ. ಗಾರ್ಡ್ ಮತ್ತು ಅದರಂತೆಯೇ ಅರೆಕಾಲಿಕವಾದ ರಿಸರ್ವ್‌ಗೆಂದೇ ಮೀಸಲಾದ ಸ್ಕಾಲರ್‌ಶಿಪ್ ಬೇರೆ ಇದೆ. ಮೇಲಾಗಿ ಬೇಸಿಕ್, ಆಮೇಲೆ ಕಸುಬಿನ ತರಬೇತಿ ಅಂತ ಹೋದರೆ ಕಾಲೇಜಿನ ಮೊದಲ ಸೆಮಿಸ್ಟರ್ ಕೈತಪ್ಪುತ್ತಿತ್ತು.

ಬೇಡ ಅಂದೆ. ಮೊದಲ ವರ್ಷದವರಿಗೆ ಫೆಡರಲ್ ಸಾಲ 5,500 ಡಾಲರ್ ತನಕ ಸಿಗುತ್ತದೆ, ಅದನ್ನು ತೆಗೆದುಕೊಂಡೆ. ಉಳಿದದ್ದನ್ನು ಅಪ್ಪ ಹೊಂದಿಸಿದರು, ಗೊಣಗುತ್ತಲೇ. ಸ್ಕಾಲರ್‌ಶಿಪ್ ಬಾರದೇ ಹೋಗಿದ್ದರೆ ಗಾರ್ಡಿಗೇ ಹೋಗುತ್ತಿದ್ದೆ. ಬೇಸಿಕ್ ಮುಗಿಸಿದವರಿಗೆ ಆರ್‌ಒಟಿಸಿಯ ಮೊದಲೆರಡು ವರ್ಷದ ಪಾಠಗಳಿಂದ ವಿನಾಯಿತಿ ಸಿಗಬಹುದು.

ಈಗ ನನ್ನ ಚಿಕ್ಕಪ್ಪನ ಮಗಳು ಇದೇ ಪ್ರಶ್ನೆ ಕೇಳುತ್ತಿದ್ದಾಳೆ. ಅವಳಿಗೆ ನನ್ನ ಉತ್ತರ ಹೊಂದುವುದಿಲ್ಲ. ಈ ಸ್ಕಾಲರ್‌ಶಿಪ್ಪಿಗೆ ಅಮೆರಿಕದ ಪೌರತ್ವ ಬೇಕು. ಅಪ್ಪ ಅಮ್ಮ ಪೌರರಾದಾಗ ನನಗಿನ್ನೂ ಹದಿನೆಂಟಾಗಿರಲಿಲ್ಲ, ಹಾಗಾಗಿ ನನಗೂ ತಾನಾಗಿಯೇ ಬಂತು. ಅವಳ ಕೈಯಲ್ಲಿರುವುದು ಗ್ರೀನ್ ಕಾರ್ಡ್. ಅದರ ಮೇಲೆ ಸಿಪಾಯಿಯಾಗಿ ಸೇರಬಹುದು, ಸೇವೆಯ ಆಧಾರದಲ್ಲಿ ಪೌರತ್ವಕ್ಕೆ ಅರ್ಜಿ ಹಾಕಬಹುದು, ಎರಡು ವರ್ಷ ಆಕ್ಟಿವ್ ಡ್ಯೂಟಿ ಮಾಡಿ, ಸಿಪಾಯಿಗಳನ್ನು ಅಧಿಕಾರಿಗಳಾಗಿಸುವ 'ಗ್ರೀನ್ ಟು ಗೋಲ್ಡ್' ಯೋಜನೆಯ ಮೂಲಕ ಆರ್‌ಒಟಿಸಿಗೆ ಬರಬಹುದು. ನಾನು ಬೇಡವೆಂದ ಬಾಗಿಲನ್ನೇ ಅವಳಿಗೆ ತೋರಿಸಿದ್ದೇನೆ. ಕಸುಬಿನ ಹೆಸರು ಕರಾರಿನಲ್ಲಿ ಅಚ್ಚಾಗಿದೆಯೇ ನೋಡಿಕೊಂಡು ಸಹಿ ಹಾಕು ಅಂತಲೂ ಹೇಳಿದ್ದೇನೆ.