ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಮೊದಲು ವೈಫೈ, ಆಮೇಲೆ ವಾಲ್‌ಪೇಪರ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ವಿಜಯಪುರದ ಝೆರಾಕ್ಸ್ ಅಂಗಡಿ, ಟ್ಯೂಷನ್ ಕ್ಲಾಸು, ಮನೆಗಳಲ್ಲಿರುವ ಎಷ್ಟೋ ಯಂತ್ರಗಳು ಅದಕ್ಕಿಂತ ಹಳೆಯವು. ಹಾಗಾಗಿ ವಿಂಡೋಸ್ ಬದಲು ಹಾಕಬಹುದಾದ ಉಚಿತ ವ್ಯವಸ್ಥೆ ಲಿನಕ್ಸಿನ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಒಳ್ಳೆಯದೇ. ಆದರೆ ಹೆಚ್ಚಿನವರು ಯೂಟ್ಯೂಬಿನಲ್ಲಿ ಮಿರಿಮಿರಿ ಮಿಂಚುವ ಡೆಸ್ಕ್‌ಟಾಪ್ ನೋಡಿ, ಅದನ್ನೇ ಇಳಿಸಿಕೊಂಡು ಹಾಕಿಬಿಡುತ್ತಾರೆ. ಆಮೇಲೆ ಗೊತ್ತಿರುವವರಿಗೆ ಫೋನು: "ಚಂದ ಐತ್ರೀ, ಆದ್ರ ಪ್ರಿಂಟ್ ಬರವಲ್ದು."

ಲಿನಕ್ಸಿನಲ್ಲಿ ಯಂತ್ರದ ಭಾಗಗಳನ್ನು ನಡೆಸುವ ಡ್ರೈವರುಗಳು ಬಹುಪಾಲು ಕರ್ನಲ್ (ವ್ಯವಸ್ಥೆಯ ತಿರುಳು) ಒಳಗೇ ಇರುತ್ತವೆ. ಕಣ್ಣಿಗೆ ಕಾಣುವ ಅಂದಚಂದ ಡೆಸ್ಕ್‌ಟಾಪಿನದ್ದು. ಅದು ಮೇಲಿನ ಪದರ. ಮೇಲಿನದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ವೈಫೈ ಡ್ರೈವರೇ ಇಲ್ಲದಿದ್ದರೆ ಎಷ್ಟು ಚಂದದ ಥೀಮ್ ಹಾಕಿದರೂ ನೆಟ್ ಬರುವುದಿಲ್ಲ, ಅಲ್ವಾ? ಅದಕ್ಕೇ ಕೆಲಸವನ್ನು ಕೆಳಗಿನಿಂದ ಶುರು ಮಾಡಬೇಕು.

ಒಳಗೆ ಏನಿದೆ, ಬರೆದಿಟ್ಟುಕೊಳ್ಳಿ

ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಡಿವೈಸ್ ಮ್ಯಾನೇಜರ್ ತೆರೆಯಿರಿ. ವೈಫೈ ಚಿಪ್ ಯಾವ ಕಂಪನಿಯದು, ಗ್ರಾಫಿಕ್ಸ್ ಯಾವುದು, ರ‍್ಯಾಮ್ ಎಷ್ಟು, ಡಿಸ್ಕ್ ತಿರುಗುವುದೋ ಎಸ್‌ಎಸ್‌ಡಿಯೋ ನೋಡಿ.

ಇಂಟೆಲ್ ವೈಫೈ ಆದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಆ ಕಂಪನಿಯೇ ತನ್ನ ಡ್ರೈವರನ್ನು ಕರ್ನಲ್‌ಗೆ ಸೇರಿಸುತ್ತದೆ. ಬ್ರಾಡ್‌ಕಾಮ್‌ನ ಹಳೇ ಚಿಪ್ಪುಗಳಿಗೆ ಹಲವು ಸಲ ಡ್ರೈವರನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಅದನ್ನು ಇಳಿಸಲು ನೆಟ್ ಬೇಕು, ನೆಟ್‌ಗೆ ಅದೇ ಡ್ರೈವರ್ ಬೇಕು! ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ (ಫೋನಿನ ನೆಟ್ ಹಂಚುವುದು) ಆನ್ ಮಾಡಿದರೆ ಈ ಗಂಟು ಬಿಚ್ಚುತ್ತದೆ.

ಗ್ರಾಫಿಕ್ಸ್‌ನಲ್ಲಿ ಇಂಟೆಲ್, ಎಎಂಡಿ ಎರಡಕ್ಕೂ ಮುಕ್ತ ಡ್ರೈವರುಗಳು ಮೊದಲೇ ಸೇರಿರುತ್ತವೆ. ಎನ್‌ವಿಡಿಯಾ ವಿಷಯ ಬೇರೆ. ಜಿಫೋರ್ಸ್ 400, 500 ಸರಣಿಯ ಕಾರ್ಡುಗಳ ಡ್ರೈವರಿಗೆ ಕಂಪನಿ ಕೊಡುತ್ತಿದ್ದ ಬೆಂಬಲ 2022ರ ಕೊನೆಗೆ ನಿಂತಿತು. ಇವುಗಳಿಗೆ ಉಳಿದಿರುವ ದಾರಿ ನೂವೋ ಎಂಬ ಮುಕ್ತ ಡ್ರೈವರ್. ಬರೆಯಲು, ಓದಲು, ವಿಡಿಯೊ ನೋಡಲು ಅದು ಸಾಕು. ಅದರ ಮೇಲೆ ಪಾರದರ್ಶಕ ಕಿಟಕಿ, ಕುಣಿಯುವ ಐಕಾನು ಹೊರಿಸಲು ಹೋಗಬೇಡಿ.

ಡಿಸ್ಕ್ ತಿರುಗುವಂಥದ್ದಾದರೆ ಬೇರೆಲ್ಲ ಬಿಟ್ಟು ಮೊದಲು ಸಾಟಾ ಎಸ್‌ಎಸ್‌ಡಿ ಹಾಕಿಸಿ. 'ಸ್ಮೂತ್' ಅನಿಸಲು ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಹಾಗೇ ಫ್ಯಾನ್‌ನ ಧೂಳು ತೆಗೆಸಿ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಧೂಳು ಕಟ್ಟಿದ ಲ್ಯಾಪ್‌ಟಾಪ್ ಮಧ್ಯಾಹ್ನ ಆಫ್ ಆದರೆ ಅದನ್ನು ಲಿನಕ್ಸ್ ತಲೆಗೆ ಕಟ್ಟಬೇಡಿ.

ಯಾವುದನ್ನು ಇಳಿಸಿಕೊಳ್ಳುವುದು?

ಲಿನಕ್ಸಿನಲ್ಲಿ ಹಲವು ಬಗೆ. ಲಿನಕ್ಸ್ ಮಿಂಟ್, ಜೋರಿನ್, ಎಲಿಮೆಂಟರಿ ನೋಡಲು ಬೇರೆ ಬೇರೆ. ಆದರೆ ಮೂರೂ ಉಬುಂಟು ಎಂಬ ಇನ್ನೊಂದು ಲಿನಕ್ಸಿನ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ ಇರುವ) ಆವೃತ್ತಿಯ ಮೇಲೆ ನಿಂತಿವೆ. "ಇದರಲ್ಲಿ ವೈಫೈ ಬರುತ್ತೆ, ಅದರಲ್ಲಿ ಬರಲ್ಲ" ಅನ್ನುವ ಮಾತಿನ ಹಿಂದೆ ಬಹಳ ಸಲ ಇರುವುದು ಕರ್ನಲ್ ಆವೃತ್ತಿಯ ವ್ಯತ್ಯಾಸ ಅಷ್ಟೇ. ಎಲ್‌ಟಿಎಸ್ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ವರ್ಷ ಬೆಂಬಲ ಇರುತ್ತದೆ. ಉಬುಂಟು 24.04ರ ಮೇಲೆ ಕಟ್ಟಿದ ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಡೆಬಿಯನ್ ಕೂಡ ಈಗ ಸುಲಭ. 2023ರ ಜೂನ್‌ನಲ್ಲಿ ಬಂದ ಅದರ 12ನೇ ಆವೃತ್ತಿಯಿಂದ ವೈಫೈಗೆ ಬೇಕಾದ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಪುಟ್ಟ ತಂತ್ರಾಂಶ) ಇನ್‌ಸ್ಟಾಲರ್‌ನಲ್ಲೇ ಇದೆ. ಮೊದಲು ಅದನ್ನು ಬೇರೆಯಾಗಿ ಹುಡುಕಬೇಕಿತ್ತು.

ಆರೇಳು ವರ್ಷಕ್ಕಿಂತ ಹಳೇ ಯಂತ್ರಕ್ಕೆ ನನ್ನ ಸಲಹೆ ಮಿಂಟ್. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪಿನ ಆವೃತ್ತಿ, 8 ಜಿಬಿ ಇದ್ದರೆ ಸಿನಮನ್ ಡೆಸ್ಕ್‌ಟಾಪಿನದ್ದು. ಈ ವರ್ಷ ಕೊಂಡ ಹೊಚ್ಚಹೊಸ ಲ್ಯಾಪ್‌ಟಾಪ್ ಆದರೆ ಲೆಕ್ಕ ಉಲ್ಟಾ. ಅದರ ಚಿಪ್ಪುಗಳಿಗೆ ಹೊಸ ಕರ್ನಲ್ ಬೇಕು. ಆರು ತಿಂಗಳಿಗೊಮ್ಮೆ ಬರುವ ಫೆಡೊರಾ ಅಲ್ಲಿ ಒಳ್ಳೆಯದು.

ಪೆನ್‌ಡ್ರೈವಿನಲ್ಲಿ ಓಡಿಸಿ, ಕಾಡಿಸಿ ನೋಡಿ

ಇಲ್ಲಿ ಆತುರ ಬೇಡ. 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಅಥವಾ ಬಲೇನಾ ಎಚರ್ ತಂತ್ರಾಂಶ ಬಳಸಿ ಐಎಸ್‌ಒ (ಇಳಿಸಿಕೊಂಡ ಲಿನಕ್ಸ್ ಫೈಲು) ಬರೆಯಿರಿ. ಅದಕ್ಕೂ ಮೊದಲು ಇಳಿಸಿದ ಫೈಲಿನ ಎಸ್‌ಎಚ್‌ಎ256 ಸಂಖ್ಯೆ (ಫೈಲು ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಗುರುತು) ಜಾಲತಾಣದಲ್ಲಿ ಕೊಟ್ಟಿದ್ದಕ್ಕೆ ಹೊಂದುತ್ತದಾ ನೋಡಿ. ಅರ್ಧಂಬರ್ಧ ಇಳಿದ ಫೈಲಿನಿಂದ ಬರುವ ತೊಂದರೆಗಳು ಯಂತ್ರದ ತೊಂದರೆಗಳಂತೆಯೇ ಕಾಣುತ್ತವೆ, ಸುಮ್ನೆ ದಿನ ಹಾಳು. ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗ ಡಿಸ್ಕ್ ಮುಟ್ಟದೇ ಪೂರ್ತಿ ಡೆಸ್ಕ್‌ಟಾಪ್ ತೆರೆಯುತ್ತದೆ. ಇನ್‌ಸ್ಟಾಲ್ ಐಕಾನ್ ಎದುರಿಗೇ ಕಾಣುತ್ತದೆ. ಈಗಲೇ ಒತ್ತಬೇಡಿ.

ವೈಫೈ ಜೋಡಣೆಯಾದರೆ ಮುಗಿಯಲಿಲ್ಲ. ರೂಟರ್ ಇಲ್ಲದ ಕೋಣೆಗೆ ಹೋಗಿ ಅರ್ಧ ಗಂಟೆ ವಿಡಿಯೊ ಓಡಿಸಿ. ಕೆಲವು ಅಗ್ಗದ ಚಿಪ್ಪುಗಳು ಪಕ್ಕದಲ್ಲಿದ್ದಾಗ ಚೆನ್ನಾಗಿ ನಡೆದು, ದೂರ ಹೋದಾಗ ಕೈಕೊಡುತ್ತವೆ. ಹೆಡ್‌ಫೋನ್ ಚುಚ್ಚಿ, ತೆಗೆಯಿರಿ. ಕ್ಯಾಮೆರಾ, ಬ್ಲೂಟೂತ್, ಬೆಳಕು ಹೆಚ್ಚು-ಕಡಿಮೆ ಮಾಡುವ ಕೀಲಿಗಳನ್ನೂ ನೋಡಿ. ಪ್ರಾಜೆಕ್ಟರ್ ಬಳಸುವ ಮೇಷ್ಟ್ರು, ಕಾಲೇಜು ಮಕ್ಕಳು ಎಚ್‌ಡಿಎಂಐ ಕೇಬಲ್ ಹಾಕಿ ನೋಡಲೇಬೇಕು.

ಆಮೇಲೆ ಮುಚ್ಚಳ ಮುಚ್ಚಿ, ಚಹಾ ಕುಡಿದು ಬಂದು ತೆರೆಯಿರಿ. ಪರದೆ ಎಚ್ಚರವಾಯಿತಾ? ವೈಫೈ ಮತ್ತೆ ಹಿಡಿಯಿತಾ? ಸದ್ದು ಬಂತಾ? ನಾಲ್ಕಾರು ಸಲ ಮಾಡಿ. ಮಲಗಿ ಏಳುವಾಗ ಗ್ರಾಫಿಕ್ಸ್, ವೈಫೈ, ಡಿಸ್ಕ್ ಎಲ್ಲ ಡ್ರೈವರುಗಳೂ ತಮ್ಮ ಸ್ಥಿತಿಯನ್ನು ಮತ್ತೆ ಕಟ್ಟಿಕೊಳ್ಳಬೇಕು. ಒಂದು ತಪ್ಪಿದರೂ ಗೊತ್ತಾಗುತ್ತದೆ. ಒಂದೇ ಪರೀಕ್ಷೆಗೆ ಸಮಯ ಇದೆ ಅಂದರೆ ನಾನು ಇದನ್ನೇ ಮಾಡುವೆ.

ಸಿನಮನ್ ಹಾಕಿದವರು ಮೂಲೆಯಲ್ಲಿ ಬರುವ ಸೂಚನೆಗಳನ್ನು ಓದಿ. 'ಸಾಫ್ಟ್‌ವೇರ್ ರೆಂಡರಿಂಗ್' ಅಂತ ಬಂದರೆ ಗ್ರಾಫಿಕ್ಸ್ ಚಿಪ್ ಕೆಲಸ ಮಾಡುತ್ತಿಲ್ಲ, ಪರದೆಯ ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸುತ್ತಿದೆ ಎಂದರ್ಥ. ಫ್ಯಾನ್ ಜೋರಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಡ್ರೈವರ್ ಸರಿಯಾಗದಿದ್ದರೆ ಎಕ್ಸ್‌ಎಫ್‌ಸಿಇಗೆ ಇಳಿಯಿರಿ.

ಕೊನೆಗೆ ಪ್ರಿಂಟರ್. ಅಂಗಡಿಯವರಿಗೆ ಇದೇ ಜೀವ. ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪುಟವನ್ನು ತಾನೇ ಸಿದ್ಧ ಮಾಡಿಕೊಳ್ಳುವುದಿಲ್ಲ. ಕ್ಯಾಪ್ಟ್ ಎಂಬ ಕಂಪನಿಯದೇ ಪದ್ಧತಿಯಲ್ಲಿ ಕಂಪ್ಯೂಟರ್ ಅದನ್ನು ಸಿದ್ಧ ಮಾಡಿ ಕಳಿಸಬೇಕು. ಲಿನಕ್ಸಿನಲ್ಲಿ ಅದು ಚುಚ್ಚಿದ ಕೂಡಲೇ ನಡೆಯುವುದಿಲ್ಲ, ಡ್ರೈವರನ್ನು ಬೇರೆಯಾಗಿ ಕೂರಿಸಬೇಕು. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್ ಹೋಗಬೇಕು. ಎಚ್‌ಪಿಯ ಲಿನಕ್ಸ್ ಡ್ರೈವರ್ ಕಟ್ಟು ಎಚ್‌ಪಿಲಿಪ್‌ನ ಹೆಚ್ಚುವರಿ ಪ್ಲಗಿನ್ ಹಾಕಿದರೆ ಆ ಕೆಲಸ ಆಗುತ್ತದೆ. ಏರ್‌ಪ್ರಿಂಟ್ (ಬೇರೆ ಡ್ರೈವರ್ ಇಲ್ಲದೇ ಮುದ್ರಿಸುವ ಸೌಲಭ್ಯ) ಇರುವ ಹೊಸ ಪ್ರಿಂಟರುಗಳಿಗೆ ಸಾಮಾನ್ಯವಾಗಿ ಇದಾವುದೂ ಬೇಡ. ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಸರ್ಕಾರಿ ಸೇವೆ ಕೊಡುವವರು, ಅದರ ತಯಾರಕರು ಲಿನಕ್ಸ್ ಡ್ರೈವರ್ ಕೊಡುತ್ತಾರಾ ಎಂದು ಕೇಳಿಕೊಳ್ಳದೇ ವಿಂಡೋಸ್ ಅಳಿಸಬೇಡಿ.

ಇನ್‌ಸ್ಟಾಲ್ ಆದ ದಿನ

ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಂಡೇ ಇನ್‌ಸ್ಟಾಲ್ ಮಾಡಿ. ನಂತರ ಅಪ್‌ಡೇಟ್ ಮುಗಿಸಿ, ಡ್ರೈವರ್ ಮ್ಯಾನೇಜರ್ ನೋಡಿ. ಎಲ್ಲ ನಡೆಯುತ್ತಿದೆ ಅಂದ ಮೇಲೆ ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು ಒಂದು ಸ್ನಾಪ್‌ಶಾಟ್ (ಈಗಿನ ಸ್ಥಿತಿಯ ನಕಲು) ತೆಗೆದಿಡಿ. ಅದು ವ್ಯವಸ್ಥೆಯನ್ನು ಮಾತ್ರ ಕಾಯುತ್ತದೆ, ನಿಮ್ಮ ಫೋಟೊಗಳನ್ನಲ್ಲ.

ಈಗ ಸಿಂಗಾರ

ಎಲ್ಲ ಸಿಂಗಾರಕ್ಕೂ ಯಂತ್ರ ಒಂದೇ ಬೆಲೆ ತೆರುವುದಿಲ್ಲ. ವಾಲ್‌ಪೇಪರ್, ಐಕಾನ್, ಬಣ್ಣದ ಥೀಮ್, ಫಾಂಟ್ ಹೆಚ್ಚುಕಡಿಮೆ ಪುಕ್ಕಟೆ. ಗೋಳಗುಮ್ಮಟದ ಒಳ್ಳೆಯ ಫೋಟೊ ಹಾಕಿಕೊಂಡರೆ ಪ್ರೊಸೆಸರಿಗೆ ಏನೂ ಭಾರವಿಲ್ಲ. ಕನ್ನಡ ಓದುವವರಿಗೆ ಫಾಂಟೇ ಅರ್ಧ ಚಂದ. ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಹಾಕಿ ಒತ್ತಕ್ಷರ ಯಾವುದರಲ್ಲಿ ಸ್ಪಷ್ಟವಾಗಿದೆ ನೋಡಿ. ಟೈಪ್ ಮಾಡಲು ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಜೊತೆ ಎಂ17ಎನ್ ಹಾಕಿದರೆ ನುಡಿಯ ಕೆಜಿಪಿ ಕೀಲಿಮಣೆ ಸಿಗುತ್ತದೆ. ಹಳೇ ನುಡಿ ಫೈಲುಗಳಿದ್ದರೆ ಆ ಫಾಂಟುಗಳನ್ನೂ ನಕಲು ಮಾಡಿ ತನ್ನಿ, ಇಲ್ಲದಿದ್ದರೆ ಪತ್ರವೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ.

ಮಸುಕು ಹಿನ್ನೆಲೆ, ಪಾರದರ್ಶಕ ಕಿಟಕಿ, ಅನಿಮೇಷನ್, ಚಲಿಸುವ ವಾಲ್‌ಪೇಪರ್ ಗ್ರಾಫಿಕ್ಸಿಗೆ ಭಾರ. ಪರದೆಯನ್ನು ಶೇ 125ಕ್ಕೆ ಹಿಗ್ಗಿಸುವುದೂ ಹಾಗೇ. ಪರದೆಗೆ ಚಿತ್ರ ಬಿಡಿಸುವ ಹಳೇ ವ್ಯವಸ್ಥೆ ಎಕ್ಸ್11ನಲ್ಲಿ ಸಾಮಾನ್ಯವಾಗಿ ಚಿತ್ರವನ್ನು ದೊಡ್ಡದಾಗಿ ಬಿಡಿಸಿ ಆಮೇಲೆ ಕುಗ್ಗಿಸಲಾಗುತ್ತದೆ. ಅಕ್ಷರ ಸಣ್ಣದು ಅನಿಸಿದರೆ ಫಾಂಟ್ ಗಾತ್ರ ಮಾತ್ರ ಏರಿಸಿ, ಕೆಲಸ ಆಗುತ್ತದೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಬಳಸುವವರು ಎಕ್ಸ್‌ಟೆನ್ಷನ್ (ಹೆಚ್ಚುವರಿ ಜೋಡಣೆ) ಕಡಿಮೆ ಇಡಿ. ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಪ್ರತಿ ಸಲ ಒಂದೆರಡು ಎಕ್ಸ್‌ಟೆನ್ಷನ್ ನಿಂತುಹೋಗುವುದು ಮಾಮೂಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ದಿನ ಬಳಸಿ, ಮುಚ್ಚಳದ ಪರೀಕ್ಷೆ ಮತ್ತೆ ಮಾಡಿ. ಫ್ಯಾನ್ ಸದ್ದು ಹೆಚ್ಚಾದರೆ ಕೊನೆಗೆ ಹಾಕಿದ್ದನ್ನು ತೆಗೆಯಿರಿ. ಎಕ್ಸ್‌ಎಫ್‌ಸಿಇ ತೀರಾ ನಿಧಾನವಾದರೆ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಂಪೋಸಿಟರ್ (ಕಿಟಕಿಗಳಿಗೆ ನೆರಳು, ಪಾರದರ್ಶಕತೆ ಕೊಡುವ ಭಾಗ) ಆಫ್ ಮಾಡಬಹುದು. ನೆರಳು ಹೋಗುತ್ತದೆ, ವಿಡಿಯೊದಲ್ಲಿ ಕೆಲವೊಮ್ಮೆ ಅಡ್ಡಗೆರೆ ಹರಿದಂತೆ ಕಾಣಬಹುದು.

ಮುಂದೆ ಯಾವತ್ತೋ ಅಪ್‌ಡೇಟ್ ಆದ ಮೇಲೆ ವೈಫೈ ಮಾಯವಾದರೆ ಮತ್ತೆ ಇನ್‌ಸ್ಟಾಲ್ ಮಾಡಲು ಕೂರಬೇಡಿ. ಆನ್ ಮಾಡುವಾಗ ಗ್ರಬ್ ಮೆನು (ಯಾವುದರಿಂದ ಶುರು ಮಾಡಬೇಕೆಂದು ಆರಿಸುವ ಪಟ್ಟಿ) ತೆರೆದು 'ಅಡ್ವಾನ್ಸ್ಡ್ ಆಪ್ಷನ್ಸ್'ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ವೈಫೈ ಬಂದರೆ ಹೊಸ ಕರ್ನಲ್ಲೇ ಕಾರಣ ಎಂದು ಗೊತ್ತಾಯಿತು. ಮುಂದಿನ ಕರ್ನಲ್ ಬರುವವರೆಗೆ ಹಳೆಯದರಲ್ಲೇ ಕೆಲಸ ಮಾಡಿ.